ಹೊತ್ತು ಏರಿದ ಮೇಲೆ

ಕಲಬುರಗಿ, ರಾಯಚೂರು, ಯಾದಗಿರಿ ಕಡೆ ಬೆಳೆದವರ ನೆನಪಿನಲ್ಲಿ ಬೇಸಿಗೆಯ ಒಂದು ದಿನಕ್ಕೆ ಎರಡು ಹಗಲು. ಮೊದಲನೆಯದು ನಸುಕಿನ ನಾಲ್ಕಕ್ಕೆ ಶುರುವಾಗಿ ಹತ್ತು, ಹತ್ತೂವರೆಗೆ ಮುಗಿಯುತ್ತಿತ್ತು. ಎರಡನೆಯದು ಸಂಜೆ ಐದರ ಸುಮಾರಿಗೆ ಹುಟ್ಟಿ ರಾತ್ರಿ ಬಹಳ ಹೊತ್ತಿನ ತನಕ ನಡೆಯುತ್ತಿತ್ತು. ನಡುವಿನ ಆರೇಳು ಗಂಟೆ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತಿತ್ತು. ನೀರು ತರುವುದು, ಕಟ್ಟಿಗೆ ಒಡೆಯುವುದು, ಹೊಲಕ್ಕೆ ಹೋಗಿ ಬರುವುದು, ಸಂತೆಯ ವ್ಯವಹಾರ ಎಲ್ಲವೂ ಹೊತ್ತು ಏರುವ ಮುಂಚೆ ಆಗಬೇಕು. ಮಟಮಟ ಮಧ್ಯಾಹ್ನ ಓಣಿಯಲ್ಲಿ ಯಾರಾದರೂ ನಡೆದು ಬಂದರೆ ಮನೆಮಂದಿ ಎದ್ದು ಕೂರುತ್ತಿದ್ದರು. ಸಾವಿನ ಸುದ್ದಿಯೋ ಹೆರಿಗೆಯ ಸುದ್ದಿಯೋ ಇಲ್ಲದೆ ಆ ಹೊತ್ತಿನಲ್ಲಿ ಯಾರೂ ಹೊರಗೆ ಕಾಲಿಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಈ ಕ್ರಮವನ್ನು ಯಾರೂ ಕೂತು ಯೋಚಿಸಿ ರೂಪಿಸಿದ್ದಲ್ಲ, ಯಾರೂ ಅದಕ್ಕೊಂದು ಹೆಸರಿಟ್ಟಿದ್ದೂ ಇಲ್ಲ. ಹೆಸರಿಟ್ಟವರು ಹೊರಗಿನವರು. ತಂಪು ಸೀಮೆಯಿಂದ ವರ್ಗವಾಗಿ ಬಂದವರು ಅದನ್ನು ಸೋಮಾರಿತನ ಎಂದರು. ಬೆಂಗಳೂರು ಸೇರಿದ ನಮ್ಮವರೂ ಸ್ವಲ್ಪ ನಾಚಿಕೆಯಿಂದಲೇ ಆ ಮಾತಿಗೆ ತಲೆದೂಗಿದರು. ಬಿಸಿಲನಾಡು ಹಿಂದುಳಿದದ್ದೇಕೆ ಎಂಬ ಪ್ರಶ್ನೆಗೆ ನೀರಾವರಿ, ಶಾಲೆ, ರಸ್ತೆಗಳ ಕೊರತೆಯ ಜೊತೆಗೆ ಮಧ್ಯಾಹ್ನದ ನಿದ್ದೆಯನ್ನೂ ಉತ್ತರವಾಗಿ ಕೊಡುವವರು ಈಗಲೂ ಸಿಗುತ್ತಾರೆ.

ಆ ಮಾತು ಸುಳ್ಳೆಂದು ನಾನು ನಂಬುತ್ತೇನೆ. ಬೇಸಿಗೆಯ ನಡುಹಗಲಿನ ಬಿಡುವು ದುಡಿಮೆಯ ಭಾಗವೇ ಆಗಿತ್ತು, ದುಡಿಮೆಯನ್ನು ಸಾಧ್ಯವಾಗಿಸಿದ್ದೇ ಅದು. ಅದನ್ನು ನಾವು ಕಳೆದುಕೊಂಡದ್ದು ಪ್ರಗತಿಯ ಲಕ್ಷಣವಲ್ಲ. ಕೆಲಸದ ಹೊತ್ತನ್ನು ನಿರ್ಧರಿಸುವವರು ಬಿಸಿಲಿನಿಂದ ದೂರವಾದದ್ದರ ಫಲ. ಹೀಗೆ ಹೇಳುವಾಗ ನೆನಪನ್ನಷ್ಟೇ ನೆಚ್ಚಿಕೊಳ್ಳುವುದು ಸಾಲದು. ಹಿಂದಿನ ಬೇಸಿಗೆಗಳು ನೆನಪಿನಲ್ಲಿ ಮಾವಿನಹಣ್ಣಿನ ವಾಸನೆ ಹಚ್ಚಿಕೊಂಡೇ ಬರುತ್ತವೆ, ನೀರಿಗಾಗಿ ಬಾವಿಯ ತಳ ಕೆರೆದದ್ದು ಹಿಂದೆ ಸರಿದುಬಿಡುತ್ತದೆ. ಆದ್ದರಿಂದ ನೆನಪು ಹೇಳಿದ್ದನ್ನು ದೇಹದ ಲೆಕ್ಕದ ಎದುರು, ದುಡಿಮೆಯ ಲೆಕ್ಕದ ಎದುರು ಹಿಡಿದು ನೋಡಬೇಕು.

ದೇಹದ ಲೆಕ್ಕ ತೀರ ಕಠಿಣವಾದದ್ದು. ಸುಮ್ಮನೆ ಕೂತ ಮನುಷ್ಯನ ದೇಹ ಸುಮಾರು 100 ವಾಟ್‌ನಷ್ಟು ಶಾಖವನ್ನು ಹೊರಹಾಕುತ್ತಿರುತ್ತದೆ. ಗುದ್ದಲಿ ಹಿಡಿದು ಅಗೆಯತೊಡಗಿದರೆ ಅದು 400 ದಾಟುತ್ತದೆ. ಯಾಕೆಂದರೆ ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಕೆಲಸವಾಗಿ ಹೊರಬರುವುದು ಕಾಲುಭಾಗ ಮಾತ್ರ, ಉಳಿದ ಮುಕ್ಕಾಲು ಶಾಖವೇ. ಒಳಗಿನ ಉಷ್ಣತೆ 37 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲಬೇಕು, ಚರ್ಮದ್ದು ಸುಮಾರು 35. ಹೊರಗಿನ ಗಾಳಿ 30 ಡಿಗ್ರಿ ಇದ್ದಾಗ ದೇಹ ತನ್ನ ಶಾಖವನ್ನು ಗಾಳಿಗೆ ಬಿಟ್ಟುಕೊಡಬಲ್ಲದು. ಗಾಳಿ 42 ಡಿಗ್ರಿ ತಲುಪಿದಾಗ ಲೆಕ್ಕ ತಿರುಗುಮುರುಗಾಗುತ್ತದೆ, ಗಾಳಿಯೇ ದೇಹಕ್ಕೆ ಶಾಖ ತುಂಬತೊಡಗುತ್ತದೆ. ಆಗ ಉಳಿಯುವುದು ಬೆವರೊಂದೇ. ಒಂದು ಲೀಟರ್ ಬೆವರು ಚರ್ಮದ ಮೇಲಿಂದ ಪೂರ್ತಿ ಆರಿದರೆ ಸುಮಾರು 580 ಕಿಲೊಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಕಲಬುರಗಿಯ ಒಣ ಗಾಳಿಯಲ್ಲಿ ಬೆವರು ಬೇಗ ಆರುತ್ತದೆ, ಮಂಗಳೂರಿನ ತೇವದ ಗಾಳಿಯಲ್ಲಿ ಆರದೆ ಸುರಿದುಹೋಗುತ್ತದೆ. ಥರ್ಮಾಮೀಟರಿನಲ್ಲಿ ಆರೇಳು ಡಿಗ್ರಿ ಕಡಿಮೆ ತೋರಿಸಿಯೂ ಕರಾವಳಿಯ ಸೆಕೆ ಕೊಲ್ಲುವಂತಿರುವುದು ಈ ಕಾರಣಕ್ಕೆ. ಹವಾಮಾನ ಇಲಾಖೆ ಬಿಸಿಗಾಳಿ ಎಂದು ಸಾರಲು ಬಯಲುಸೀಮೆಗೆ 40 ಡಿಗ್ರಿಯ ಮಿತಿಯನ್ನೂ ಕರಾವಳಿಗೆ 37ರ ಮಿತಿಯನ್ನೂ ಬೇರೆಬೇರೆಯಾಗಿ ಇಟ್ಟುಕೊಂಡಿದೆ. ಇನ್ನೊಂದನ್ನೂ ಮರೆಯಬಾರದು. ಆ ಇಲಾಖೆ ಕೊಡುವ ಅಂಕಿ ಗಾಳಿಯಾಡುವ ಪೆಟ್ಟಿಗೆಯೊಳಗೆ, ನೆರಳಿನಲ್ಲಿ ಅಳೆದದ್ದು. ಡಾಂಬರು ಕಾಯಿಸಿ ಸುರಿಯುವವನ ನೆತ್ತಿಯ ಮೇಲಿನ ಬಿಸಿಲು ಯಾವ ಬುಲೆಟಿನ್‌ನಲ್ಲೂ ಬರುವುದಿಲ್ಲ.

ಬೆವರು ಹರಿಯುವಾಗ ಹೃದಯಕ್ಕೆ ಎರಡು ಕೆಲಸ. ದುಡಿಯುವ ಸ್ನಾಯುಗಳಿಗೆ ರಕ್ತ ಕಳಿಸಬೇಕು, ಶಾಖ ಬಿಡಲೆಂದು ಚರ್ಮಕ್ಕೂ ಕಳಿಸಬೇಕು. ನೀರು ಇಳಿಯುತ್ತ ಹೋದಂತೆ ರಕ್ತದ ಪ್ರಮಾಣವೇ ತಗ್ಗುತ್ತದೆ, ಬಡಿತ ಏರುತ್ತದೆ, ಮೂತ್ರಪಿಂಡಕ್ಕೆ ಸಿಗಬೇಕಾದ ಪಾಲು ಕಡಿಮೆಯಾಗುತ್ತದೆ. ನೀರು ಕುಡಿದರೆ ಅರ್ಧ ಪರಿಹಾರ. ಉಳಿದರ್ಧ ಇರುವುದು ಒಳಗೆ ಹುಟ್ಟುವ ಶಾಖವನ್ನೇ ಇಳಿಸುವುದರಲ್ಲಿ, ಅಂದರೆ ಕೈಯಲ್ಲಿರುವ ಸಲಿಕೆಯನ್ನು ಕೆಳಗಿಟ್ಟು ನೆರಳಿಗೆ ಹೋಗುವುದರಲ್ಲಿ. ಬಿಸಿಲಿಗೆ ದೇಹ ಒಗ್ಗಿಕೊಳ್ಳುತ್ತದೆ ಎಂಬುದು ನಿಜ, ಆದರೆ ಅದಕ್ಕೂ ಒಂದರಿಂದ ಎರಡು ವಾರ ಬೇಕು, ಒಗ್ಗಿಕೊಂಡ ದೇಹಕ್ಕೂ ಮಿತಿಯಿದೆ. ಅಮೆರಿಕದ ಪೆನ್ಸಿಲ್ವೇನಿಯಾದ ವಿಜ್ಞಾನಿಗಳು ಆರೋಗ್ಯವಂತ ಯುವಕ ಯುವತಿಯರ ಮೇಲೆ ಪರೀಕ್ಷೆ ಮಾಡಿ 2022ರಲ್ಲಿ ತಿಳಿಸಿದಂತೆ, ತೇವದ ಗಾಳಿಯಲ್ಲಿ ಆ ಮಿತಿ ಹಿಂದೆ ಅಂದುಕೊಂಡಿದ್ದಕ್ಕಿಂತ ಸಾಕಷ್ಟು ಕೆಳಗಿದೆ. ನಮ್ಮ ಹಿರಿಯರಿಗೆ ಇದರಲ್ಲಿ ಒಂದು ಅಂಕಿಯೂ ಗೊತ್ತಿರಲಿಲ್ಲ. ಬಿಸಿಲು ಬಡಿದು ಸತ್ತವರು ಯಾರೆಂಬುದು ಗೊತ್ತಿತ್ತು.

ಆ ತಿಳಿವಳಿಕೆಯ ಮೇಲೆಯೇ ಮನೆಗಳೂ ಎದ್ದಿದ್ದವು. ರಾಯಚೂರು, ಕಲಬುರಗಿ ಸೀಮೆಯ ಮಾಳಿಗೆಮನೆಯನ್ನು ನೆನೆಸಿಕೊಳ್ಳಿ. ಮೊಳಗಟ್ಟಲೆ ದಪ್ಪದ ಕಲ್ಲು ಮಣ್ಣಿನ ಗೋಡೆ, ಮರದ ತೊಲೆ ಜಂತಿಗಳ ಮೇಲೆ ಹರಡಿದ ಗಟ್ಟಿ ಮಣ್ಣಿನ ಚಾವಣಿ, ಪುಟ್ಟ ಕಿಟಕಿ, ತಲೆಯ ಮೇಲೆ ಬೆಳಕಿಂಡಿ. ಅಂಥ ಗೋಡೆ ಹಗಲಿನ ಶಾಖವನ್ನು ಒಳಕ್ಕೆ ದಾಟಿಸಲು ಹಲವು ಗಂಟೆ ತೆಗೆದುಕೊಳ್ಳುತ್ತದೆ. ಹೊರಗೆ ಬೆಂಕಿ ಸುರಿಯುವ ಹೊತ್ತಿನಲ್ಲಿ ಒಳಗೆ ಇನ್ನೂ ಬೆಳಗಿನ ತಂಪಿರುತ್ತದೆ, ಶಾಖ ಒಳಗೆ ತಲುಪುವ ಹೊತ್ತಿಗೆ ಮನೆಮಂದಿ ಚಾಪೆ ಎತ್ತಿಕೊಂಡು ಮಾಳಿಗೆ ಹತ್ತಿರುತ್ತಾರೆ. ಮನೆಯ ಗೋಡೆ ಮತ್ತು ದಿನದ ಕ್ರಮ ಒಂದಕ್ಕೊಂದು ಹೊಂದಿಕೊಂಡೇ ಬೆಳೆದವು. ಹಗಲು ಒಳಗಿರದವನಿಗೆ ಆ ಗೋಡೆಯಿಂದ ಪ್ರಯೋಜನವಿಲ್ಲ, ರಾತ್ರಿ ಮೇಲೆ ಮಲಗದವನಿಗೆ ಆ ಗೋಡೆ ಕಾಟವೇ. ಚರಕ ಸಂಹಿತೆ ಕೂಡ ಗ್ರೀಷ್ಮದಲ್ಲಿ ಹಗಲು ತಂಪಾದ ಕೋಣೆಯಲ್ಲಿ, ರಾತ್ರಿ ಮನೆಯ ಮೇಲ್ಮಾಳಿಗೆಯಲ್ಲಿ ಮಲಗಲು ಹೇಳುತ್ತದೆ. ಹಗಲುನಿದ್ದೆಯನ್ನು ಅದು ಸಾಮಾನ್ಯವಾಗಿ ಒಪ್ಪುವುದಿಲ್ಲ. ಮುದುಕರು, ರೋಗಿಗಳು, ದುಡಿದು ಬಳಲಿದವರು, ಹೀಗೆ ಕೆಲವರನ್ನು ಬಿಟ್ಟರೆ ಉಳಿದವರಿಗೆ ಗ್ರೀಷ್ಮದಲ್ಲಿ ಮಾತ್ರ ಅನುಮತಿ. ಹಳೆಯ ಗ್ರಂಥ ಹೇಳಿತೆಂದ ಮಾತ್ರಕ್ಕೆ ಯಾವುದೂ ನಿಜವಾಗುವುದಿಲ್ಲ, ಆದರೆ ಅದು ಕೊಡುವ ಕಾರಣಗಳಲ್ಲೊಂದು ಗಮನಿಸುವಂಥದ್ದು: ಆ ಕಾಲದಲ್ಲಿ ರಾತ್ರಿ ತೀರ ಚಿಕ್ಕದು. ಸೆಕೆಯಲ್ಲಿ ನಡುರಾತ್ರಿಯ ತನಕ ಕಣ್ಣು ಹತ್ತದೆ ನಸುಕಿಗೇ ಏಳಬೇಕಾದವನಿಗೆ ಕಡಿಮೆ ಬಿದ್ದ ನಿದ್ದೆಯನ್ನು ಮಧ್ಯಾಹ್ನ ತುಂಬಿಕೊಡುತ್ತಿತ್ತು.

ಮನೆ ಇಲ್ಲದೆಡೆಯೂ ನೆರಳು ಇತ್ತು. ಊರ ಮುಂದಿನ ಕಟ್ಟೆ, ಹೊಲದ ಬದುವಿನ ಬೇವು, ದಾರಿಯ ಹುಣಸೆ, ಆಲ. ಬೇಸಿಗೆ ಬಂತೆಂದರೆ ಮಣ್ಣಿನ ಗಡಿಗೆಗಳಿಗೆ ಒದ್ದೆ ಬಟ್ಟೆ ಸುತ್ತಿ ಅರವಟ್ಟಿಗೆ ಇಡುತ್ತಿದ್ದರು. ಇದು ನಿನ್ನೆ ಮೊನ್ನೆಯ ಸತ್ಕಾರವಲ್ಲ. ಅರವಂಟಿಗೆಗೆಂದು ಭೂಮಿ ಬಿಟ್ಟ ದಾನಗಳು ಕನ್ನಡದ ಹಳೆಯ ಶಾಸನಗಳಲ್ಲೇ ಸಿಗುತ್ತವೆ. ದಾರಿಹೋಕನ ಬಾಯಾರಿಕೆಯನ್ನು ಸಮುದಾಯದ ಹೊಣೆಯೆಂದು ಕಲ್ಲಿನಲ್ಲಿ ಕೆತ್ತಿಸಿದ ಜನ ನಾವು. ವಿಜಯಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಕಾಲಕ್ಕೆ, 1620ರಲ್ಲಿ ಕಟ್ಟಿದ ತಾಜ್ ಬಾವಡಿ ನೋಡಿದವರಿಗೆ ಗೊತ್ತು, ಅಲ್ಲಿ ನೀರಿನ ಸುತ್ತ ಕಮಾನುಗಳೂ ತಂಗುವ ಕೋಣೆಗಳೂ ಇವೆ. ನೀರು ತುಂಬಿಕೊಂಡು ಹೋಗುವುದಕ್ಕಷ್ಟೇ ಆಗಿದ್ದರೆ ಅಷ್ಟೊಂದು ನೆರಳು ಬೇಕಿರಲಿಲ್ಲ. ಕುಡಿಯಲು ಕೊಡುತ್ತಿದ್ದದ್ದೂ ಬರಿಯ ನೀರಲ್ಲ. ಉಪ್ಪು ಹಾಕಿದ ಮಜ್ಜಿಗೆ, ಬೆಲ್ಲದ ಪಾನಕ, ಜೋಳದ ಅಂಬಲಿ. ಬೆವರಿನೊಂದಿಗೆ ಉಪ್ಪೂ ಹೋಗುತ್ತದೆ, ಅದನ್ನೂ ಹಿಂತಿರುಗಿಸಬೇಕು ಎಂಬುದು ಈಗ ಪ್ರತಿ ಆರೋಗ್ಯ ಕಾರ್ಯಕರ್ತೆ ಹೇಳುವ ಪಾಠ.

ದನಗಳ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಬಿಡುವು ಹೇಗೆ ಕಳೆದುಹೋಯಿತು ಎಂಬುದರ ಒಂದು ಸುಳಿವು ಅಲ್ಲಿದೆ. ಬೇಸಿಗೆಯಲ್ಲಿ ಹೊಲದ ಕೆಲಸವೇ ಇರಲಿಲ್ಲ ಎಂಬುದು ತಪ್ಪು ಕಲ್ಪನೆ. ಹಿಂಗಾರಿ ಜೋಳದ ರಾಶಿ ಮುಗಿದ ಮೇಲೆ ನೆಲ ಉಳುವುದು, ಗೊಬ್ಬರ ಹೇರುವುದು, ಬದು ಕಟ್ಟುವುದು, ಕುಂಟೆ ಕೂರಿಗೆ ರಿಪೇರಿ ಎಲ್ಲ ಆಗಲೇ. ಆದರೆ ಅವುಗಳ ಹೊತ್ತನ್ನು ನಿರ್ಧರಿಸುತ್ತಿದ್ದದ್ದು ಎತ್ತು. ಎತ್ತಿನ ಬಾಯಲ್ಲಿ ನೊರೆ ಕಂಡರೆ, ಅದು ನಾಲಿಗೆ ಚಾಚಿ ಏದುಸಿರು ಬಿಟ್ಟರೆ ನೊಗ ಇಳಿಸಲೇಬೇಕು. ಇಳಿಸದ ರೈತ ತನ್ನ ಆಸ್ತಿಯನ್ನೇ ಕೊಂದುಕೊಂಡಂತೆ. ಎತ್ತಿಗೆ ಸಿಕ್ಕ ಬಿಡುವಿನ ನೆರಳಿನಲ್ಲಿ ಅದರ ಹಿಂದೆ ನಡೆಯುವ ಮನುಷ್ಯನಿಗೂ ಬಿಡುವು ಸಿಗುತ್ತಿತ್ತು. ಟ್ರ್ಯಾಕ್ಟರ್ ಬಂತು. ಅದಕ್ಕೆ ಏದುಸಿರಿಲ್ಲ, ಡೀಸೆಲ್ ಇರುವ ತನಕ ಓಡುತ್ತದೆ. ಗಂಟೆಗಿಷ್ಟು ಎಂದು ಬಾಡಿಗೆ ಕೊಟ್ಟು ತಂದ ಯಂತ್ರವನ್ನು ಮಧ್ಯಾಹ್ನ ನಿಲ್ಲಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಚಾಲಕ ಹನ್ನೆರಡರ ಬಿಸಿಲಿನಲ್ಲಿ ಕಾದ ಕಬ್ಬಿಣದ ಮೇಲೆ ಕೂತಿರುತ್ತಾನೆ. ಟ್ರ್ಯಾಕ್ಟರ್ ಬೇಡವೆಂದು ನಾನು ಹೇಳುತ್ತಿಲ್ಲ, ಅದು ಎಷ್ಟೋ ಬೆನ್ನುಗಳನ್ನು ಉಳಿಸಿದೆ. ಪ್ರಾಣಿ ಹೇರಿದ್ದ ಮಿತಿಯನ್ನು ಯಂತ್ರ ಅಳಿಸಿಹಾಕಿದಾಗ ಆ ಜಾಗದಲ್ಲಿ ಮನುಷ್ಯರೇ ಒಂದು ಮಿತಿ ಹಾಕಿಕೊಳ್ಳಬೇಕಿತ್ತು, ಹಾಕಿಕೊಳ್ಳಲಿಲ್ಲ.

ನೆಲಕ್ಕೂ ಬಿಡುವಿತ್ತು. ಎರೆಭೂಮಿ ಬೇಸಿಗೆಯಲ್ಲಿ ಬಾಯಿಬಿಟ್ಟಂತೆ ಬಿರಿಯುವುದನ್ನು ನೋಡಿದವರು ಅದನ್ನು ಬರಗಾಲದ ಚಿತ್ರವೆಂದು ತಿಳಿಯುತ್ತಾರೆ. ನಿಜದಲ್ಲಿ ಆ ಬಿರುಕುಗಳೊಳಗೆ ಮೇಲ್ಮಣ್ಣು ಉದುರಿ ಕೆಳಗಿನದರೊಂದಿಗೆ ಬೆರೆಯುತ್ತದೆ, ಮೊದಲ ಮಳೆಯ ನೀರು ಅವುಗಳ ಮೂಲಕ ಆಳಕ್ಕೆ ಇಳಿಯುತ್ತದೆ. ಚೆನ್ನಾಗಿ ಒಣಗಿದ ಮಣ್ಣಿಗೆ ಮಳೆ ಬಿದ್ದಾಗ ಸೂಕ್ಷ್ಮಜೀವಿಗಳು ಒಮ್ಮೆಲೇ ಚುರುಕಾಗಿ ಬೆಳೆಗೆ ಬೇಕಾದ ಸಾರಜನಕವನ್ನು ಬಿಡುಗಡೆ ಮಾಡುತ್ತವೆ ಎಂದು ಎಚ್. ಎಫ್. ಬರ್ಚ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಪೂರ್ವ ಆಫ್ರಿಕದ ಮಣ್ಣಿನಲ್ಲಿ ತೋರಿಸಿಕೊಟ್ಟರು. ಕೊಡಗು, ಚಿಕ್ಕಮಗಳೂರಿನ ಕಾಫಿಗಿಡವೂ ಮಳೆಯಿಲ್ಲದ ತಿಂಗಳುಗಳಲ್ಲಿ ಮೊಗ್ಗನ್ನು ಮಲಗಿಸಿ ಇಟ್ಟುಕೊಳ್ಳುತ್ತದೆ. ಆ ಒಣಗಾಲ ಸಿಗದಿದ್ದರೆ ಹೂಮಳೆ ಬಂದಾಗ ಅದು ಒಟ್ಟಿಗೆ ಅರಳುವುದಿಲ್ಲ. ಗಿಡದ ನ್ಯಾಯವನ್ನು ಮನುಷ್ಯನಿಗೆ ಹಾಗೆಯೇ ಹಚ್ಚುವುದು ಸರಿಯಲ್ಲ, ಅದನ್ನು ಇಲ್ಲಿಗೇ ಬಿಡುತ್ತೇನೆ.

ದೇಹ ಉಳಿಸಿಕೊಳ್ಳುವುದರ ಆಚೆಗೂ ಆ ನಿಧಾನದಿಂದ ಕೆಲವು ಹುಟ್ಟಿದವು. ಉತ್ತರ ಕರ್ನಾಟಕದ ದೊಡ್ಡಾಟ, ಸಣ್ಣಾಟಗಳು ಸುಗ್ಗಿಯ ನಂತರದ ಬಿಡುವಿನಲ್ಲಿ ಬೆಳೆದವು. ಮಾತು, ಹಾಡು, ಕುಣಿತ ಕಲಿಯಲು ತಿಂಗಳುಗಟ್ಟಲೆ ತಾಲೀಮು ಬೇಕು. ಮುಂಗಾರಿನ ಬಿತ್ತನೆಗೂ ಹಿಂಗಾರಿಯ ಕೊಯ್ಲಿಗೂ ಸಿಕ್ಕಿಬಿದ್ದ ರೈತನಿಗೆ ಅದು ಸಿಗುತ್ತಿದ್ದದ್ದು ಆಗ ಮಾತ್ರ. ಆಟ ನಡೆಯುತ್ತಿದ್ದದ್ದು ರಾತ್ರಿಯಿಡೀ, ಅಂದರೆ ತಂಪೊತ್ತಿನಲ್ಲಿ. ಮರುದಿನದ ಹಗಲು ನಿದ್ದೆಗೆ. ಕರಾವಳಿಯ ಯಕ್ಷಗಾನ ಮೇಳಗಳ ತಿರುಗಾಟವೂ ಮಳೆಯಿಲ್ಲದ ತಿಂಗಳುಗಳದ್ದೇ, ಮೇ ಕೊನೆಯ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿಟ್ಟು ತಿರುಗಾಟ ಮುಗಿಸುತ್ತಾರೆ. ಜಾತ್ರೆ, ತೇರು, ಮದುವೆಗಳು, ತವರಿಗೆ ಹೋಗುವುದು, ಹಿರಿಯರ ಬಾಯಿಂದ ಕತೆ ಕೇಳುವುದು ಎಲ್ಲವೂ ಈ ಎರಡು ಮೂರು ತಿಂಗಳಲ್ಲೇ ಬಂದು ಸೇರುತ್ತಿದ್ದವು. ನಮ್ಮ ಶಾಲೆಗಳು ಈಗಲೂ ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಮುಚ್ಚುತ್ತವೆ. ಆದರೆ ಪೇಟೆಯ ಮಕ್ಕಳ ಆ ಏಳು ವಾರಗಳನ್ನು ಶಿಬಿರಗಳೂ ಮುಂದಿನ ತರಗತಿಯ ಟ್ಯೂಷನ್‌ಗಳೂ ಗಂಟೆ ಗಂಟೆಗೆ ಹಂಚಿಕೊಂಡುಬಿಟ್ಟಿವೆ. ಬೇಸರ ಬರುವಷ್ಟು ಹೊತ್ತು ಕೈಯಲ್ಲಿದ್ದ ಮಗು ತಾನೇ ಆಟ ಕಟ್ಟಿಕೊಳ್ಳುತ್ತದೆ, ಕೈಗೆ ಸಿಕ್ಕ ಪುಸ್ತಕ ಓದುತ್ತದೆ, ದೊಡ್ಡವರ ಮಾತಿಗೆ ಕಿವಿ ಕೊಡುತ್ತದೆ. ಅದನ್ನು ಯಾವ ಶಿಬಿರವೂ ಕಲಿಸಿಕೊಡಲಾರದು ಎಂದು ನಾನು ದೃಢವಾಗಿ ನಂಬಿದ್ದೇನೆ.

ಇಷ್ಟು ಹೇಳಿದ ಮೇಲೆ ಎದುರುಮಾತುಗಳಿಗೆ ಕಿವಿಗೊಡಬೇಕು. ಮೊದಲನೆಯದೇ ಎಲ್ಲಕ್ಕಿಂತ ಚುರುಕಾದದ್ದು: ಆ ಎರಡು ಹಗಲುಗಳ ನಡುವೆ ಮಲಗಿದವರು ಯಾರು? ಎಲ್ಲರೂ ಮಲಗಲಿಲ್ಲ. ಬೇಸಿಗೆ ಎಂದರೆ ಹಪ್ಪಳ, ಸಂಡಿಗೆ, ಶಾವಿಗೆ, ಉಪ್ಪಿನಕಾಯಿ, ವರ್ಷದ ಖಾರಪುಡಿ. ಅವು ಒಣಗಬೇಕಾದದ್ದು ಸರಿಯಾಗಿ ಮಧ್ಯಾಹ್ನದ ಬಿಸಿಲಿನಲ್ಲಿ. ಗಂಡಸರು ಪಡಸಾಲೆಯಲ್ಲಿ ಮಲಗಿದ್ದಾಗ ಹೆಂಗಸರು ಮಾಳಿಗೆಯ ಮೇಲೆ ಅವನ್ನು ತಿರುವಿ ಹಾಕುತ್ತಿದ್ದರು, ಮಲಗಿದವರು ಏಳುವ ಹೊತ್ತಿಗೆ ಚಹಾಕ್ಕೆ ಒಲೆ ಹೊತ್ತಿಸುತ್ತಿದ್ದರು. ಇದು ಹಳೆಯ ಕತೆಯೂ ಅಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಮಾಡುವ ಗಂಡಸರು 97 ನಿಮಿಷ. ಜೀತದಾಳುಗಳ ಹೊತ್ತನ್ನು ಒಡೆಯನೇ ಆಳುತ್ತಿದ್ದ. ಇನ್ನು ಆಳುವವರ ಬಿಡುವಿನ ಕತೆಯಂತೂ ಎಲ್ಲರಿಗೂ ಗೊತ್ತಿರುವುದೇ. 1864ರಿಂದ ಬ್ರಿಟಿಷ್ ಸರ್ಕಾರ ಬೇಸಿಗೆಗೆ ಶಿಮ್ಲಾ ಹತ್ತುತ್ತಿತ್ತು, ಮದ್ರಾಸಿನ ಸರ್ಕಾರ ಊಟಿಗೆ ಹೋಗುತ್ತಿತ್ತು, ಮೈಸೂರಿನ ಅರಸರಿಗೂ ಅಲ್ಲೊಂದು ಅರಮನೆಯಿತ್ತು. ಬಯಲಿನಲ್ಲಿ ಉಳಿದ ಸಾಹೇಬರ ತಲೆಯ ಮೇಲೆ ಪಂಕಾ ಆಡುತ್ತಿತ್ತು, ಅದರ ಹಗ್ಗ ಎಳೆಯುವವನು ಹೊರಗಿನ ವರಾಂಡದಲ್ಲಿ ಕೂತಿರುತ್ತಿದ್ದ. ಬೇಸಿಗೆಯಲ್ಲಿ ನಿಧಾನವಾಗಬೇಕು ಎಂಬುದನ್ನು ಇವರಲ್ಲಿ ಯಾರೂ ಸೋಮಾರಿತನ ಎನ್ನಲಿಲ್ಲ, ತಮಗಾದರೆ. ಈ ಆಕ್ಷೇಪದಲ್ಲಿರುವ ಪ್ರತಿ ಮಾತನ್ನೂ ನಾನು ಒಪ್ಪುತ್ತೇನೆ. ಒಪ್ಪಿದ ಮೇಲೂ ಅದು ಬಿಡುವಿನ ವಿರುದ್ಧದ ವಾದವಾಗುವುದಿಲ್ಲ, ಬಿಡುವನ್ನು ಹಂಚಿದ ರೀತಿಯ ವಿರುದ್ಧದ ವಾದವಾಗುತ್ತದೆ. ಎಲ್ಲರಿಗೂ ಸಿಗದ ನೀರನ್ನು ಯಾರಿಗೂ ಬೇಡವೆನ್ನುವುದು ಪರಿಹಾರವಲ್ಲ.

ಎರಡನೆಯ ಮಾತು ಲೆಕ್ಕಪತ್ರದ್ದು. ಬಡದೇಶ ಮಧ್ಯಾಹ್ನ ಮಲಗಿದರೆ ಹೊಟ್ಟೆ ತುಂಬುವುದು ಹೇಗೆ ಎಂಬ ಪ್ರಶ್ನೆ. ಬಿಸಿಲಿನಲ್ಲಿ ದುಡಿಸಿದರೆ ಉತ್ಪಾದನೆ ಹೆಚ್ಚುತ್ತದೆ ಎಂದು ಇದು ನಂಬಿಕೊಂಡಿದೆ. ಎಲ್ ಸಾಲ್ವಡಾರ್ ದೇಶದ ಕಬ್ಬು ಕಡಿಯುವವರ ನಡುವೆ ನಡೆದ ಒಂದು ಪ್ರಯೋಗ ಆ ನಂಬಿಕೆಯನ್ನು ನೇರವಾಗಿ ಪರೀಕ್ಷಿಸಿತು. ಮಧ್ಯ ಅಮೆರಿಕದ ಆ ಸೀಮೆಯಲ್ಲಿ ಸಕ್ಕರೆ ಕಾಯಿಲೆಯಾಗಲಿ ರಕ್ತದೊತ್ತಡವಾಗಲಿ ಇಲ್ಲದ ಹರೆಯದ ಗಂಡಸರು ಸಾವಿರಾರು ಸಂಖ್ಯೆಯಲ್ಲಿ ಮೂತ್ರಪಿಂಡ ಕೆಟ್ಟು ಸತ್ತಿದ್ದಾರೆ. ಉರಿಬಿಸಿಲಿನಲ್ಲಿ ಬಿಡುವಿಲ್ಲದ ದುಡಿಮೆ ಅದಕ್ಕೆ ಮುಖ್ಯ ಕಾರಣವೆಂದು ಹಲವು ಸಂಶೋಧಕರು ಕಂಡುಕೊಂಡಿದ್ದಾರೆ. 2015ರ ಸುಮಾರಿನಲ್ಲಿ ಅಲ್ಲಿನ ಒಂದು ಗುಂಪಿಗೆ ಬೆನ್ನಿಗೆ ಕಟ್ಟಿಕೊಳ್ಳುವ ನೀರಿನ ಚೀಲ, ಹೊಲದಿಂದ ಹೊಲಕ್ಕೆ ಒಯ್ಯಬಹುದಾದ ನೆರಳಿನ ಚಪ್ಪರ, ನಿಗದಿಯಾದ ವಿಶ್ರಾಂತಿ ಮತ್ತು ಹಿಡಿಯಲು ಹಗುರವಾದ ಕತ್ತಿ ಕೊಟ್ಟರು. ಬಿಸಿಲಿನ ಬಾಧೆಯ ಲಕ್ಷಣಗಳು ಕಡಿಮೆಯಾದವು. ಒಬ್ಬೊಬ್ಬರು ದಿನಕ್ಕೆ ಕಡಿಯುತ್ತಿದ್ದ ಕಬ್ಬು 5.1 ಟನ್ನಿನಿಂದ ಏರುತ್ತ 7.3 ಟನ್ನಿನವರೆಗೂ ಹೋಯಿತು. ಹೊಸ ಕತ್ತಿಯ ಪಾಲು ಅದರಲ್ಲಿ ಎಷ್ಟು, ನೆರಳಿನ ಪಾಲು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಆದರೆ ವಿಶ್ರಾಂತಿಯಿಂದ ಕೆಲಸ ಕುಸಿಯುತ್ತದೆ ಎಂಬ ಭಯಕ್ಕೆ ಅಲ್ಲಿ ಆಧಾರ ಸಿಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವ ಹವಾಮಾನ ಸಂಸ್ಥೆ 2025ರಲ್ಲಿ ಕೊಟ್ಟ ವರದಿ ಇನ್ನೊಂದು ದಿಕ್ಕಿನಿಂದ ಇದನ್ನೇ ಹೇಳುತ್ತದೆ: ಶಾಖ, ತೇವ, ಬಿಸಿಲು ಮೂರನ್ನೂ ಕೂಡಿಸಿ ಅಳೆಯುವ ಮಾಪನದಲ್ಲಿ 20 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೂ ಕೆಲಸಗಾರನ ಸಾಮರ್ಥ್ಯ ಶೇ 2ರಿಂದ 3ರಷ್ಟು ಇಳಿಯುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2019ರ ಅಂದಾಜಿನಂತೆ ಶಾಖದಿಂದಾಗಿ ಭಾರತ 2030ರ ಹೊತ್ತಿಗೆ ತನ್ನ ದುಡಿಮೆಯ ಗಂಟೆಗಳಲ್ಲಿ ಶೇ 5.8ರಷ್ಟನ್ನು, ಅಂದರೆ 3.4 ಕೋಟಿ ಪೂರ್ಣಾವಧಿ ಕೆಲಸಗಳಿಗೆ ಸಮನಾದಷ್ಟನ್ನು ಕಳೆದುಕೊಳ್ಳಲಿದೆ. ಮಧ್ಯಾಹ್ನದ ಆ ಗಂಟೆಗಳು ಹೇಗೂ ಹೋಗುತ್ತವೆ. ನೆರಳಿನಲ್ಲಿ ಹೋಗಬೇಕೋ ಬಿಸಿಲಿನಲ್ಲಿ ಕುಸಿಯುತ್ತ ಹೋಗಬೇಕೋ ಎಂಬುದಷ್ಟೇ ನಮ್ಮ ಕೈಯಲ್ಲಿದೆ.

ಮೂರನೆಯ ಆಕ್ಷೇಪಕ್ಕೆ ಉತ್ತರ ಇಷ್ಟು ಸುಲಭವಲ್ಲ. ದಿನಗೂಲಿಯವನಿಗೆ ಬಿಡುವು ಎಂದರೆ ಕೂಲಿ ಕಡಿತ. ರಾಯಚೂರು, ಯಾದಗಿರಿಯ ಹಳ್ಳಿಗಳಿಂದ ಬೇಸಿಗೆಯಲ್ಲಿ ಬೆಂಗಳೂರು, ಪುಣೆ, ಗೋವಾಕ್ಕೆ ಗುಳೆ ಹೋಗುವ ಕುಟುಂಬಗಳಿಗೆ ಊರಿನ ಬೇಸಿಗೆಯ ಬಿಡುವು ಹಸಿವಿನ ಇನ್ನೊಂದು ಹೆಸರು. ಅವರಿಗೆ ನಿಧಾನದ ಸುಖವನ್ನು ಬೋಧಿಸುವುದು ಕ್ರೌರ್ಯ. ಇಟ್ಟಿಗೆಗೆ ಇಷ್ಟು, ಟನ್ನಿಗೆ ಇಷ್ಟು, ಪಾರ್ಸೆಲ್ಲಿಗೆ ಇಷ್ಟು ಎಂದು ಕೂಲಿ ಲೆಕ್ಕ ಹಾಕುವ ಕಡೆಯಲ್ಲೆಲ್ಲ ಮನುಷ್ಯ ತನ್ನ ದೇಹ ಬೇಡವೆಂದರೂ ನಿಲ್ಲುವುದಿಲ್ಲ, ನಿಂತ ಪ್ರತಿ ನಿಮಿಷಕ್ಕೂ ಅವನೇ ದಂಡ ಕಟ್ಟಬೇಕು. ಊಟ ಹೊತ್ತು ಬೈಕಿನಲ್ಲಿ ಓಡುವ ಹುಡುಗನಿಗೆ ಹಗಲಿನಲ್ಲಿ ಹೆಚ್ಚು ಆರ್ಡರ್ ಬರುವುದು ಮಧ್ಯಾಹ್ನದ ಊಟದ ಹೊತ್ತಿಗೆ, ಬೇರೆಯವರು ಬಿಸಿಲಿಗೆ ಹೊರಗೆ ಹೋಗಲಾರೆವು ಎನ್ನುವ ಹೊತ್ತಿನಲ್ಲೇ. ಆದ್ದರಿಂದ ಬಿಡುವನ್ನು ಒಬ್ಬೊಬ್ಬರ ಜಾಣತನಕ್ಕೆ ಬಿಟ್ಟರೆ ಅದು ಉಳ್ಳವರಿಗಷ್ಟೇ ಸಿಗುತ್ತದೆ. ವಾರಕ್ಕೊಂದು ರಜೆಯೂ ಯಾರ ಔದಾರ್ಯದಿಂದಲೂ ಬಂದದ್ದಲ್ಲ. ಮುಂಬಯಿಯ ಗಿರಣಿಗಳಲ್ಲಿ ಕಾರ್ಮಿಕ ಮುಖಂಡ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹೋರಾಡಿದ ಮೇಲೆ 1890ರ ಜೂನ್‌ನಲ್ಲಿ ಭಾನುವಾರದ ರಜೆ ಸಿಕ್ಕಿತು. ಆಗಲೂ ಗಿರಣಿ ಹಾಳಾಗುತ್ತದೆ ಎಂದವರಿದ್ದರು, ಗಿರಣಿಗಳು ಅದರ ನಂತರವೂ ದಶಕಗಳ ಕಾಲ ಬೆಳೆದವು.

ಕೂಲಿ ಕಡಿಯದೆ ಹೊತ್ತನ್ನು ಬದಲಿಸಬಹುದು ಎಂಬುದಕ್ಕೆ ನಮ್ಮಲ್ಲೇ ಪುರಾವೆಯಿದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ಬೆಳಗಾವಿ ವಿಭಾಗದ ವಿಜಯಪುರ, ಬಾಗಲಕೋಟೆಗಳಲ್ಲೂ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಸಂಬಳ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ, ಆಡಳಿತವೇನೂ ಕುಸಿದು ಬೀಳುವುದಿಲ್ಲ. ಈ ಆದೇಶವನ್ನು ನಾನು ಮನಸಾರೆ ಮೆಚ್ಚುತ್ತೇನೆ, ನಮ್ಮ ಸೀಮೆಯ ಹಳೆಯ ತಿಳಿವಳಿಕೆಗೆ ಸರ್ಕಾರದ ಮೊಹರು ಬಿದ್ದ ಒಂದು ಕಾಗದ ಅದು. ನೋವು ಇರುವುದು ಅದರ ವ್ಯಾಪ್ತಿಯಲ್ಲಿ. ಕಚೇರಿಯೊಳಗೆ ಫ್ಯಾನಿನ ಕೆಳಗಿದ್ದವರು ಒಂದೂವರೆಗೆ ಮನೆಗೆ ಹೊರಟಾಗ ಅದೇ ಕಚೇರಿಯ ಮುಂದಿನ ಚರಂಡಿ ತೋಡುತ್ತಿದ್ದವರು ಸಂಜೆಯ ತನಕ ಅಲ್ಲೇ ಇರುತ್ತಾರೆ. ಉದ್ಯೋಗ ಖಾತ್ರಿಯ ಕೆಲಸದಲ್ಲಿ ಬೇಸಿಗೆಗೆ ಅಗೆಯಬೇಕಾದ ಪ್ರಮಾಣವನ್ನು ಇಳಿಸುವ ರಿಯಾಯಿತಿಯನ್ನು ರಾಜ್ಯ ಕೊಟ್ಟಿದ್ದುಂಟು, ಅದು ಸರಿಯಾದ ದಿಕ್ಕಿನದು, ಯಾಕೆಂದರೆ ಅಲ್ಲಿ ಮುಟ್ಟಿದ್ದು ಕೂಲಿಯ ಲೆಕ್ಕವನ್ನೇ. ಕತಾರ್‌ನಂಥ ದೇಶ, ವಲಸೆ ಕಾರ್ಮಿಕರನ್ನು ನಡೆಸಿಕೊಂಡ ರೀತಿಗೆ ಜಗತ್ತಿನಿಂದ ಬೈಸಿಕೊಂಡ ದೇಶ, 2021ರಿಂದ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನ ಕೆಲಸವನ್ನು ಕಾನೂನಿನಿಂದ ನಿಲ್ಲಿಸಿದೆ. ಅಲ್ಲಿ ದುಡಿಯುವವರಲ್ಲಿ ನಮ್ಮ ಕರಾವಳಿಯವರೂ ಇದ್ದಾರೆ. ದೋಹಾದಲ್ಲಿ ಕಾನೂನಿನ ನೆರಳು ಪಡೆಯುವ ಕನ್ನಡಿಗ ರಾಯಚೂರಿನಲ್ಲಿ ಅದನ್ನು ಪಡೆಯುವುದಿಲ್ಲ.

ಏಸಿ ಬಂದಮೇಲೆ ಇದೆಲ್ಲ ಯಾಕೆ ಎನ್ನುವವರಿಗೆ ಹೆಚ್ಚು ಹೇಳಬೇಕಿಲ್ಲ. ಆಸ್ಪತ್ರೆಯಲ್ಲಿ, ಮುದುಕರ ಕೋಣೆಯಲ್ಲಿ ಅದು ಜೀವ ಉಳಿಸುತ್ತದೆ, ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ. ಹೊಲಕ್ಕೆ, ರಸ್ತೆಗೆ, ಕಟ್ಟಡದ ಸಾರುವೆಗೆ ಏಸಿ ಹಾಕಲಾಗದು ಎಂಬುದೊಂದು. ಅದು ಒಳಗಿನ ಶಾಖವನ್ನು ಓಣಿಗೆ ಎಸೆಯುತ್ತದೆ, ಓಣಿಯಲ್ಲಿರುವವನ ರಾತ್ರಿಯನ್ನು ಇನ್ನಷ್ಟು ಬಿಸಿ ಮಾಡುತ್ತದೆ ಎಂಬುದು ಇನ್ನೊಂದು. ನಿಜಕ್ಕೂ ಚಿಂತೆಗೆ ಹಚ್ಚುವುದು ಈ ರಾತ್ರಿಗಳೇ. ಮಾಳಿಗೆಯ ಜಾಗದಲ್ಲಿ ಕಾಂಕ್ರೀಟ್ ಮತ್ತು ತಗಡು ಬಂದಿವೆ, ಹಗಲೆಲ್ಲ ಕುಡಿದ ಶಾಖವನ್ನು ಅವು ಇರುಳೆಲ್ಲ ಕಕ್ಕುತ್ತವೆ. ರಾತ್ರಿ ತಣಿಯದ ದೇಹ ಬೆಳಿಗ್ಗೆ ಎದ್ದಾಗಲೇ ಸೋತಿರುತ್ತದೆ. ಹಿಂದಿನವರಿಗೆ ಮಧ್ಯಾಹ್ನದ ಬಿಡುವು ಎಷ್ಟು ಬೇಕಿತ್ತೋ ಈಗಿನವರಿಗೆ ಅದಕ್ಕಿಂತ ಹೆಚ್ಚು ಬೇಕು.

ಅಹಮದಾಬಾದ್ 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ ಮೇಲೆ 2013ರಲ್ಲಿ ಶಾಖದ ಕ್ರಿಯಾಯೋಜನೆ ಮಾಡಿಕೊಂಡಿತು, ನಂತರ ಬೇರೆ ನಗರಗಳೂ ರಾಜ್ಯಗಳೂ ಅದನ್ನು ಅನುಸರಿಸಿದವು. ಇಂಥ ಯೋಜನೆಗಳಲ್ಲಿ ಹೊತ್ತು ಬದಲಿಸಿಕೊಳ್ಳಿ ಎಂಬ ಸಲಹೆ ಇದ್ದೇ ಇರುತ್ತದೆ. ಸಲಹೆ ಓದಿ ಗುತ್ತಿಗೆದಾರ ಕೆಲಸ ನಿಲ್ಲಿಸುವುದಿಲ್ಲ, ಟೆಂಡರಿನಲ್ಲಿ ಬರೆದಿದ್ದರೆ ನಿಲ್ಲಿಸುತ್ತಾನೆ. ಲೋಕೋಪಯೋಗಿ, ನೀರಾವರಿ, ನಗರಸಭೆಗಳ ಕಾಮಗಾರಿಗಳ ಕರಾರುಪತ್ರವನ್ನು ಬರೆಯುವುದು ಸರ್ಕಾರವೇ. ಅದರಲ್ಲಿ ಹೀಗೆ ಬರೆಯಲಿ: ಏಪ್ರಿಲ್, ಮೇಗಳಲ್ಲಿ ಬಿಸಿಲನಾಡಿನ ಜಿಲ್ಲೆಗಳ ಬಯಲು ಕೆಲಸ ಬೆಳಿಗ್ಗೆ ಆರರಿಂದ ಹನ್ನೊಂದು, ಸಂಜೆ ನಾಲ್ಕೂವರೆಯಿಂದ ಏಳು; ನಡುವೆ ಚಪ್ಪರ, ನೀರು, ಮಜ್ಜಿಗೆ; ಕೂಲಿ ಪೂರ್ತಿ ದಿನದ್ದು; ಕಾಮಗಾರಿಯ ಅವಧಿಗೆ ಅದಕ್ಕೆ ತಕ್ಕಷ್ಟು ದಿನ ಹೆಚ್ಚುವರಿ. ಕಚೇರಿಯ ವೇಳೆ ಬದಲಿಸುವ ಆ ಆದೇಶಕ್ಕೆ ಸಹಿ ಬೀಳುವ ದಿನವೇ ಇದಕ್ಕೂ ಸಹಿ ಬೀಳಬಹುದು.